ಒಂದಕ್ಕೆ ಮಾತ್ರ ಗುರುತು ಹಾಕಿ

ಫಾರಂ ಒಂದಕ್ಕೆ ಅರವತ್ತು ರೂಪಾಯಿ, ಬಸ್ ಚಾರ್ಜು ಬೇರೆ.
ಮಡಿಕೇರಿಯ ಲಾಡ್ಜೊಂದರಲ್ಲಿ ಎರಡು ದಿನ ತರಬೇತಿ.
ಈ ಪ್ರಶ್ನೆಗಳು ಅಮೆರಿಕದವು, ಎಂದರು ಮೇಲ್ವಿಚಾರಕರು,
ಅಲ್ಲಿ ಕೇಳಿ ಕೇಳಿ ನುಣುಪಾದವು.
ಅಲ್ಲೀಗ ಹತ್ತರಲ್ಲಿ ಹೆಚ್ಚುಕಡಿಮೆ ಮೂವರು
‘ಯಾವ ಧರ್ಮವೂ ಇಲ್ಲ’ ಎಂಬ ಚೌಕ ಆರಿಸುತ್ತಾರಂತೆ,
ಅವರಲ್ಲೂ ಕೆಲವರು ದೀಪ ಆರಿಸಿದ ಮೇಲೆ
ಯಾರೊಂದಿಗೋ ಮಾತಾಡುತ್ತಾರಂತೆ.
ಯಾರೊಂದಿಗೆ, ಎಂದೆ.
ಅದು ಇಪ್ಪತ್ತೆರಡನೇ ಪ್ರಶ್ನೆ, ಎಂದರು. ಚಹಾ ಬಂತು.

ಅಮ್ಮತ್ತಿಯಲ್ಲಿ ದೇಚಮ್ಮ ಕಣದ ಕಾಫಿಯನ್ನು
ಕಾಲಿನಿಂದಲೇ ಗೀರಿ ಗೀರಿ ಹರವುತ್ತಿದ್ದರು.
ಸಾವಿನ ನಂತರ ಬದುಕಿದೆಯೆಂದು ನಂಬುತ್ತೀರಾ?
ಬಲವಾಗಿ, ಸ್ವಲ್ಪ, ಇಲ್ಲ, ಗೊತ್ತಿಲ್ಲ.
‘ನಂಬೋದೇನು ಬಂತು, ಊಟ ಬಡಿಸ್ತೀವಲ್ಲ ಅವರಿಗೆ.
ನಮ್ಮ ಕಾರೋಣ ಅಜ್ಜನಿಗೆ ಕೋಳಿ ಬೇಕು, ಒಂದು ಕುಡ್ತೆ ಸಾರಾಯಿ ಬೇಕು.
ಇಲ್ಲದವನು ಹಾಗೆಲ್ಲ ಹಟ ಮಾಡ್ತಾನಾ?’
ಕತ್ತಲಾಗುತ್ತಿತ್ತು. ನೆಲ್ಲಕ್ಕಿ ಬಾಡೆಯ ದೀಪಕ್ಕೆ ಎಣ್ಣೆ ಹೊಯ್ಯಲು ಎದ್ದರು.
‘ಬಲವಾಗಿ’ಗೆ ಗುರುತು ಹಾಕಿದೆ.
ಸುಳ್ಳು ಬರೆದ ಹಾಗಾಯಿತು.

ನಾಪೋಕ್ಲುವಿನ ಮೆಣಸಿನ ಮಂಡಿ, ಮೊಯ್ದು.
ಧರ್ಮ: ಇಸ್ಲಾಂ. ಸುಲಭ.
ಮನೆತನ ಕೇಳಿದರೆ, ಗದ್ದೆಯಾಚೆಯ ಐನ್‌ಮನೆಯವರದ್ದೇ ಹೆಸರು.
‘ತಪ್ಪಿಲ್ಲ, ಬರೀರಿ. ಒಂದೇ ಬಳ್ಳಿ, ಎರಡು ಮರ ಹತ್ತಿದೆ.
ಈಗ ಸುಮ್ಮನಿರಿ, ತಕ್ಕಡಿ ನಿಲ್ಲಲಿ.’

ತಿತಿಮತಿಯ ಹಾಡಿಯಲ್ಲಿ ಚೋಮಿ
ಮಗುವಿನ ತಲೆಯಲ್ಲಿ ಹೇನು ನೋಡುತ್ತ ಉತ್ತರಿಸಿದಳು.
ದೇವರನ್ನು ಎಷ್ಟು ಬಾರಿ ನೆನೆಯುತ್ತೀರಿ?
‘ವರ್ಷಕ್ಕೊಂದು ಸಲ ಬೈತೀವಿ.
ಬೇಟೆಗೆ ಅಂತ ಕರಕೊಂಡು ಹೋಗಿ
ನಮ್ಮನ್ನು ಕಾಡಲ್ಲಿ ಬಿಟ್ಟು, ಹೆಣ್ಣಿನ ಹಿಂದೆ ಓಡಿದವನು.
ಅವನಿಗೆಂಥ ಮರ್ಯಾದೆ?
ಗಂಡಸರು ಸೀರೆ ಸುತ್ತಿ, ಡಬ್ಬ ಬಡಿದು, ಬೀದಿಯಲ್ಲಿ ಬೈತಾರೆ.
ನಾನು ಇಲ್ಲೇ ಕೂತು ಬೈತೀನಿ.’
ಹೊಗಳುವುದಕ್ಕೆ ನಾಲ್ಕು ಚೌಕವಿತ್ತು, ಬೇಡುವುದಕ್ಕೆ ಐದು.
ಬೈಯುವುದಕ್ಕೆ ಅಂಚಿನಲ್ಲೂ ಜಾಗವಿರಲಿಲ್ಲ.
‘ಬೈದಾದ ಮೇಲೆ ಮಾಫಿ,’ ಎಂದಳು.
ಯಾರು, ಯಾರಿಗೆ?
ಕೇಳಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಕೇಳಬಾರದು.

ಸಿದ್ದಾಪುರದ ಲೈನ್‌ಮನೆ. ಅಸ್ಸಾಮಿನ ಹುಡುಗ
ಒಂದು ಹೆಸರು ಹೇಳಿದ, ನನ್ನ ಮುಖ ನೋಡಿ ಇನ್ನೊಂದು.
ಧರ್ಮ ಎಂದದ್ದೇ ಒಳಗೆ ಓಡಿದ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಆಧಾರ್ ತಂದ, ಸಿಮ್ಮಿನ ರಸೀದಿ ತಂದ,
ತಾತನ ಹೆಸರಿದ್ದ, ಮಡಿಕೆ ಹರಿದ ಜೆರಾಕ್ಸ್ ತಂದ.
ಯಾವುದು ಬರೆದರೆ ಸರಿ ಮೇಡಂ, ಎಂದ ಹಿಂದಿಯಲ್ಲಿ.
ಸರಿ ಉತ್ತರ, ತಪ್ಪು ಉತ್ತರ ಅಂತಿಲ್ಲ
ಎಂದು ಹೇಳಬೇಕು. ಹೇಳಿದೆ.
ಹದಿನೇಳು ದಿನದಲ್ಲಿ ನಾನು ಕಂಡ
ಏನನ್ನೂ ನಂಬದವನು
ಅವನೊಬ್ಬನೇ.

ಕೊನೆಗೆ ವಿರಾಜಪೇಟೆ. ನಿವೃತ್ತ ನರ್ಸು ಲಿಲ್ಲಿ ಲೋಬೊ
ಪೆನ್ಸಿಲನ್ನು ನನ್ನ ಕೈಯಿಂದ ಕಿತ್ತುಕೊಂಡರು.
ಕ್ಯಾಥೊಲಿಕ್: ಒಂದು ಗುರುತು.
ಯಾವುದೂ ಇಲ್ಲ: ಇನ್ನೊಂದು.
ಒಂದಕ್ಕೆ ಮಾತ್ರ, ಎಂದೆ.
‘ಭಾನುವಾರ ಇದು. ನೈಟ್ ಡ್ಯೂಟಿಯಲ್ಲಿ ನಾಲ್ಕು ಕೂಸು ಹೋದ ವಾರ ಅದು.
ಎರಡೂ ನಾನೇ, ಮಗಳೇ.
ನೀನು?’
ನಾನು ಸ್ಯಾಂಪಲ್‌ನಲ್ಲಿ ಇಲ್ಲ, ಎಂದೆ.
ಅವರು ನಕ್ಕು ಹಲಸಿನ ಚಿಪ್ಸ್ ಕಟ್ಟಿಕೊಟ್ಟರು.

ಇನ್ನೂರ ಹನ್ನೆರಡು ಫಾರಂ ಒಪ್ಪಿಸಿದೆ. ಹನ್ನೊಂದು ವಾಪಸು:
ಎರಡೆರಡು ಗುರುತು, ಯಂತ್ರ ಓದುವುದಿಲ್ಲ.
ರಬ್ಬರು ಕೊಟ್ಟರು. ಒಂದನ್ನು ಅಳಿಸಿ ತನ್ನಿ.
ಯಾವುದನ್ನು ಸಾರ್?
ತಿಳಿಯಾಗಿರುವುದನ್ನು.

ಲಿಲ್ಲಿಯವರ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ತಿರುಗಿಸಿ ಬೆನ್ನ ಮೇಲೆ ಬೆರಳಾಡಿಸಿದೆ.
ಎರಡೂ ಒಂದೇ ಸಮ ಒತ್ತಿ
ಆಚೆ ಬದಿಗೆ ಉಬ್ಬಿದ್ದವು.